ನಾಲ್ಕನೆಯ ಕುಡಿ

ಗಿಡಬಳ್ಳಿಗಳು ಬಿಸಿಲನ್ನು ಬಿಟ್ಟು ಮನುಷ್ಯರ ಕಡೆಗೆ ಬೆಳೆಯತೊಡಗಿದ ಮೇಲೆ ಸವರುವ ಕೆಲಸಕ್ಕೆ ಒಂದೇ ನಿಯಮ ಉಳಿಯಿತು. ಹೂವಿನ ಕಾಲ ಮುಗಿದೊಡನೆ ಮನೆಮಂದಿಗೆ ತಲೆಗೊಂದು ಕುಡಿ ಬಿಟ್ಟು, ಮಿಕ್ಕದ್ದನ್ನು ಗಣ್ಣಿನ ಮೇಲೆ ಓರೆಯಾಗಿ ಕತ್ತರಿಸಬೇಕು. ಇಲ್ಲದಿದ್ದರೆ ಬಳ್ಳಿ ಹಾಸಿಗೆಯವರೆಗೂ ಬಂದುಬಿಡುತ್ತದೆ.

ಧಾರವಾಡದ ತಮ್ಮ ಹಿತ್ತಲಿನಲ್ಲಿ ನೀಲವ್ವ ಮಲ್ಲಿಗೆ ಸವರುತ್ತಿದ್ದರು. ತಮ್ಮದೊಂದು, ಮಗನದೊಂದು, ಸೊಸೆ ಮಧುಮತಿಯದೊಂದು ಕುಡಿ ಉಳಿಸಿದ್ದಾಯಿತು. ಬುಡದಲ್ಲಿ ಇನ್ನೊಂದು ಎಳೆಯ ಕುಡಿ ಕಂಡಿತು. ಅದಕ್ಕೂ ಕತ್ತರಿ ಒಡ್ಡಿದರು.

ಅಷ್ಟರಲ್ಲಿ, ಬಟ್ಟೆ ಒಣಹಾಕುತ್ತಿದ್ದ ಮಧುಮತಿ ತಂತಿಯ ಆ ತುದಿಗೆ ಹೋದಳು. ಕುಡಿ ಅತ್ತ ವಾಲಿತು. ಅವಳು ಈ ತುದಿಗೆ ಬಂದಳು, ಅದೂ ಇತ್ತ ವಾಲಿತು. ಮಧುಮತಿಯ ಕುಡಿ ಯಾವಾಗಲೂ ಅವಳ ಮುಖ ನೋಡುತ್ತಿತ್ತು. ಇದು ಅವಳ ಹೊಟ್ಟೆಯನ್ನು ನೋಡುತ್ತಿತ್ತು.

ಹೋದ ವರ್ಷವೂ ಇಂಥದೊಂದು ಕುಡಿ ಒಡೆದು, ವಾರದೊಳಗೆ ಒಣಗಿತ್ತು. ಆಮೇಲೆ ಆ ಮನೆಯಲ್ಲಿ ಯಾರೂ ಅದರ ಮಾತೆತ್ತಿರಲಿಲ್ಲ.

"ಎಷ್ಟು ದಿನಾತವ್ವಾ?" ಎಂದು ನೀಲವ್ವ ಮೆಲ್ಲಗೆ ಕೇಳಿದರು.

ಮಧುಮತಿ ಒದ್ದೆ ಸೀರೆಯ ಹಿಂದೆ ಮುಖ ಮರೆಸಿಕೊಂಡಳು. "ಎರಡ ತಿಂಗಳಾತ್ರಿ, ಅತ್ತಿ. ಹೇಳಾಕ ಅಂಜಿಕಿ ಆಗಿತ್ತು."

ನೀಲವ್ವ ಕತ್ತರಿ ಕೆಳಗಿಟ್ಟರು. ಸೆರಗಿನಿಂದ ಒಂದು ಎಳೆ ದಾರ ಕಿತ್ತು, ಕುಡಿಯನ್ನು ಕಡ್ಡಿಯೊಂದಕ್ಕೆ ಸಡಿಲವಾಗಿ ಕಟ್ಟಿದರು.

"ಬಟ್ಟಿ ನಾ ಹಾಕ್ತೀನಿ. ನೀ ಬಂದು ಇಲ್ಲಿ ಕುಂದ್ರು," ಎಂದರು. "ನೀ ಹಿಂಗ ಅಡ್ಡಾಡಿದ್ರ, ಪಾಪ, ತಿರುಗಿ ತಿರುಗಿ ಅದರ ಕುತ್ತಿಗಿ ನೋಯತೈತಿ."