ಕೆಂಪು ದಾರದ ಲಕೋಟೆ

"ನಿಮ್ಮ ಪತ್ರ ಓದಿದೀನಿ ಅಕ್ಕಾ, ಒಂದಕ್ಷರ ಬಿಡದೆ" ಎಂದ ದರ್ಜಿಗಳ ಸಂಘದ ಕಾರ್ಯದರ್ಶಿ. ಹೇಳುತ್ತಲೇ, ಸಭೆಗೆ ಹಂಚಲು ಶಾಖೆಗಳ ಅಭಿವೃದ್ಧಿ ಯೋಜನೆಯ ಪ್ರತಿಗಳನ್ನು ಚೀಲದಿಂದ ಎಳೆದ. ಜೊತೆಗೇ ಆ ಪತ್ರದ ಲಕೋಟೆಯೂ ಮೇಜಿನ ಮೇಲೆ ಬಿತ್ತು. ಅಂಟು ಹಚ್ಚುವ ಬದಲು ಅದರ ಬಾಯಿಯನ್ನು ಕೆಂಪು ದಾರದಲ್ಲಿ ಹೊಲಿಯಲಾಗಿತ್ತು. ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ.

ನಿಮ್ಮ ಶಾಖೆ ಬೆಳೆಯಲು ಏನು ಬೇಕು ಎಂದು ಎಲ್ಲರಿಗೂ ಬರೆದು ಕೇಳಿದವನು ಅವನೇ. ಹನ್ನೊಂದು ಜನರ ಶಾಖೆ, ಮಹಾ ಏನು ಬರೆದಾರು ಎಂದುಕೊಂಡು, ಯೋಜನೆಯ ನಾಲ್ಕನೇ ಪುಟದಲ್ಲಿ 'ಉತ್ಸಾಹವಿಲ್ಲ, ಮುಚ್ಚಬಹುದು' ಎಂದು ಷರಾ ಹಾಕಿದವನೂ ಅವನೇ. ಆ ಶಾಖೆಯ ಮುಖ್ಯಸ್ಥೆ, ಅವನಿಗೆ ಮೊದಲ ಕಾಜಾ ಹೊಲಿಯಲು ಕಲಿಸಿದ ಅಕ್ಕ, ಈಗ ಎದುರು ಕುರ್ಚಿಯಲ್ಲಿ ಕೂತು ತನ್ನದೇ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು.

"ಮತ್ತೇನಮ್ಮ, ಓದಿದಾರಂತಲ್ಲ" ಎಂದರು ಅಧ್ಯಕ್ಷರು, ಯೋಜನೆಗೆ ಕೈ ಎತ್ತಿಸಿ ಮುಗಿಸುವ ಅವಸರದಲ್ಲಿ.

"ಹೌದು ಸಾರ್. ಓದಿ, ಮತ್ತೆ ಹೊಲಿದೂ ಇಟ್ಟಿದಾನೆ. ಕೈ ಪಳಗಿದೆ ನೋಡಿ, ಥೇಟ್ ನನ್ನ ಹೊಲಿಗೆ ಥರಾನೇ ಇದೆ."

ಸಭೆ ಗೊಳ್ಳೆಂದು ನಕ್ಕಿತು. ಅವನಿಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಅಕ್ಕ ಕೈಚೀಲದಿಂದ ಪುಟ್ಟ ಕತ್ತರಿ ತೆಗೆದು, ಲಕೋಟೆಯ ಮೇಲಿಟ್ಟು, ಅವನತ್ತ ಸರಿಸಿದಳು. "ಈಗ ಎಲ್ಲರಿಗೂ ಕೇಳೋ ಹಾಗೆ ಓದು. ಬಿಚ್ಚೋವಾಗ ಹುಷಾರು, ಹರೀಬಾರದು" ಎಂದಳು, ಹಿಂದೆ ಬಟ್ಟೆ ಕೈಗೆ ಕೊಟ್ಟು ಹೇಳುತ್ತಿದ್ದ ಅದೇ ದನಿಯಲ್ಲಿ.

ಮೊದಲ ಎಳೆ ಟಕ್ಕೆಂದು ತುಂಡಾದಾಗ ಯಾರೂ ನಗುತ್ತಿರಲಿಲ್ಲ.