ಮುಳ್ಳು ಕುಣಿದ ಕಾರು

ಚಿದಾನಂದ ತನ್ನ ಹಳೆಯ ಕಾರಿಗೆ ದೊಡ್ಡ ಟರ್ಬೊ, ಹೊಸ ಪೆಟ್ರೋಲ್ ಪಂಪ್, ಡಿಕ್ಕಿ ತುಂಬ ಸ್ಪೀಕರು ಹಾಕಿಸಿದ್ದ. ಅಂದಿನಿಂದ ಪೆಟ್ರೋಲಿನ ಒತ್ತಡ ತೋರಿಸುವ ಮೀಟರಿನ ಮುಳ್ಳು ಹುಚ್ಚೆದ್ದು ಕುಣಿಯತೊಡಗಿತು. ಎಂಜಿನ್ ಸುಟ್ಟೀತೆಂಬ ಭಯದಲ್ಲಿ ಅವನು ಪುಷ್ಪಲತಾಳ ಗ್ಯಾರೇಜಿಗೆ ಬಂದ.

ಅವಳು ಪೆಟ್ರೋಲ್ ಪೈಪಿಗೆ ತನ್ನದೇ ಮೀಟರು ಸಿಕ್ಕಿಸಿ ನೋಡಿದಳು. ಅದರ ಮುಳ್ಳು ಅಲುಗಲಿಲ್ಲ.

“ಒತ್ತಡ ಸರಿಯಾಗೇ ಇದೆ ಸಾರ್. ನಿಮ್ಮ ಮೀಟರಿಗೂ ಸ್ಪೀಕರಿಗೂ ಒಂದೇ ಅರ್ಥ್ ವೈರ್ ಕೊಟ್ಟಿದ್ದಾರೆ. ಹಾಡು ಜೋರಾದಾಗೆಲ್ಲ ಮುಳ್ಳು ಕುಣಿಯುತ್ತೆ. ಬೇರೆ ವೈರ್ ಹಾಕಿದ್ರೆ ಸಾಕು.”

ಚಿದಾನಂದ ನಕ್ಕ. “ಇದು ಮಿಕ್ಸಿ ಅಲ್ಲಮ್ಮ. ಇಲ್ಲಿ ಗಂಡಸರು ಯಾರೂ ಇಲ್ವಾ?”

“ಇದ್ದಾರೆ, ಕರೀತೀನಿ,” ಎಂದು ಅವಳು ಹಿಂಬಾಗಿಲಿನಿಂದ ಹೋದಳು. ಹತ್ತು ನಿಮಿಷ ಬಿಟ್ಟು ಖಾಕಿ ಅಂಗಿಯ, ದಪ್ಪ ಮೀಸೆಯ ಹಿರಿಯರೊಬ್ಬರನ್ನು ಕರೆತಂದಳು. ಅವರು ಬಾನೆಟ್ಟಿನೊಳಗೆ ಇಣುಕಿ, ಹುಬ್ಬು ಗಂಟಿಕ್ಕಿ, “ಅರ್ಥ್ ವೈರ್ ಬೇರೆ ಮಾಡಮ್ಮ,” ಎಂದರು.

ಅವಳು ವೈರ್ ಬದಲಿಸಿದಳು. ಹಾಡು ಮೊಳಗಿತು, ಮುಳ್ಳು ನಿಂತಲ್ಲೇ ನಿಂತಿತು. ಚಿದಾನಂದ ಹಿರಿಯರ ಎರಡೂ ಕೈ ಹಿಡಿದುಕೊಂಡ.

“ಅನುಭವ ಅಂದ್ರೆ ಇದು ಸಾರ್! ನೋಡಿದ ತಕ್ಷಣ ಹೇಳಿಬಿಟ್ರಿ.” ಆಮೇಲೆ ಅವಳತ್ತ ತಿರುಗಿ, “ಇವರ ಹತ್ರ ಚೆನ್ನಾಗಿ ಕಲಿತ್ಕೊಳ್ಳಮ್ಮ,” ಎಂದು ಹೇಳಿ ಕಾರು ಹತ್ತಿದ.

ಕಾರು ತಿರುವು ದಾಟುತ್ತಲೇ ಹಿರಿಯರು ಅವಸರವಸರವಾಗಿ ಖಾಕಿ ಅಂಗಿ ಬಿಚ್ಚಿ ಅವಳ ಕೈಗಿಟ್ಟರು.

“ನಾನಿನ್ನು ಹೋಗ್ಲೇನವ್ವಾ? ಎಳನೀರಿಗೆ ಜನ ಕಾಯ್ತಾವ್ರೆ.”