ಗೋಡೆಯೊಳಗಿನ ಪೈಪು

ಸಿಂಕಿನ ತೂತಿನಿಂದ ಬುಸಬುಸ ಎಂದು ನೊರೆ ಉಕ್ಕಿ ಬಂದು, ಆಗಷ್ಟೇ ತೊಳೆದಿಟ್ಟಿದ್ದ ಲೋಟಗಳನ್ನೆಲ್ಲ ಮುಚ್ಚಿಬಿಟ್ಟಿತು. ಮನೆಯ ಕಿರಿ ಸೊಸೆ ಸೊಂಟದ ಮೇಲೆ ಕೈಯಿಟ್ಟು ಗೋಡೆಯನ್ನು ದುರುಗುಟ್ಟಿ ನೋಡಿದಳು. ಆಚೆ ಕಡೆ ಓರಗಿತ್ತಿಯ ವಾಷಿಂಗ್ ಮೆಷಿನ್ ಏನೂ ಗೊತ್ತಿಲ್ಲದಂತೆ ಗರಗರ ಎನ್ನುತ್ತಿತ್ತು.

ಅಣ್ಣತಮ್ಮಂದಿರು ಪಾಲಾದಾಗ ಅಡುಗೆಮನೆಯ ನಟ್ಟನಡುವೆ ಗೋಡೆ ಎದ್ದಿತ್ತು. ಎರಡು ಸಿಂಕುಗಳ ನೀರು ಹೋಗುವ ಪೈಪು ಮಾತ್ರ ಗೋಡೆಯೊಳಗೆ ಒಂದೇ ಆಗಿ ಉಳಿದಿತ್ತು. ಮೊದಲ ಸಲ ನೊರೆ ಬಂದ ದಿನ "ಬೇಕೂಂತಲೇ ಮಾಡ್ತೀರ" ಎಂಬ ಮಾತು ಕಿರಿಯಳ ಬಾಯಿಂದ ಜಾರಿತು. "ಹಾಗೇ ಅಂದ್ಕೋ" ಎಂದಳು ಹಿರಿಯಳು. ಅಲ್ಲಿಗೆ ಮಾತು ಬಂದ್. ಕಿರಿಯಳ ಸಿಟ್ಟೇನೋ ಎಂದೋ ಇಳಿದುಹೋಗಿತ್ತು. ಹರಟೆಗೆ ಅಕ್ಕನಿಲ್ಲದೆ ಅಡುಗೆಮನೆ ಬಿಕೋ ಎನ್ನುತ್ತಿತ್ತು. ಆದರೆ ಮೊದಲು ಬಾಯಿ ಬಿಡುವವರು ಯಾರು?

ಈ ಸಲ ಅವಳು ಪ್ಲಂಬರನನ್ನೇ ಕರೆಸಿದಳು. ಅವನು ಎರಡೂ ಮನೆ ಹೊಕ್ಕು, ಎರಡೂ ಸಿಂಕಿನ ಕೆಳಗೆ ತಲೆ ತೂರಿಸಿ ನೋಡಿ ಬಂದ.

"ಅಲ್ಲಮ್ಮಾ, ಆಚೆ ಮೆಷಿನ್ ಪೈಪನ್ನ ತಂದು ಸಿಂಕಿನ ಪೈಪಿಗೇ ತುರುಕಿದಾರೆ. ಅಷ್ಟು ನೀರು ಒಂದೇ ಸಲ ಬಂದ್ರೆ ಎಲ್ಲಿಗೆ ಹೋಗ್ಬೇಕು ಪಾಪ? ನಿಮ್ಮನೆಗೇ ಬರುತ್ತೆ. ಜೊತೆಗೆ ಎರಡೂ ಕಡೆ ಬೆಂಡು ಬಿರುಕು ಬಿಟ್ಟಿದೆ." ಸಿಂಕಿನ ಕೆಳಗಿನ ಬಾಗಿದ ತುಂಡುಗಳನ್ನು ಎರಡೂ ಕಡೆಯಿಂದ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. "ಅಂಗಡಿಗೆ ಹೋಗಿ ಹೊಸದು ತರ್ತೀನಿ. ಅಲ್ಲೀವರೆಗೂ ಯಾರೂ ನಲ್ಲಿ ಮುಟ್ಬೇಡಿ."

ಅವನು ಅತ್ತ ಹೋದ ಮೇಲೆ, ನೀರೇನಾದರೂ ತೊಟ್ಟಿಕ್ಕುತ್ತಿದೆಯೇ ಎಂದು ಕಿರಿಯಳು ಸಿಂಕಿನ ಕೆಳಗೆ ಬಗ್ಗಿದಳು. ಗೋಡೆಯಲ್ಲಿ ಬಾಯಿ ತೆರೆದುಕೊಂಡಿದ್ದ ಪೈಪಿನಿಂದ, ಪಕ್ಕದಲ್ಲೇ ನಿಂತು ಮಾತಾಡಿದಂತೆ ಅಕ್ಕನ ದನಿ ಕೇಳಿಸಿತು.

"ನೋಡು ಕಣೇ, ನಾನೇನು ಬೇಕೂಂತ ನೊರೆ ಬಿಡ್ಲಿಲ್ಲ. ನೀನು ಹಾಗಂದಿದ್ದಕ್ಕೆ ತುಂಬಾ ಬೇಜಾರಾಯ್ತು. ಹೋಗ್ಲಿ, ಬಾ, ಕಾಫಿ ಕುಡಿಯೋಣ."

ಯಾರ ಹತ್ತಿರ ಮಾತಾಡುತ್ತಿದ್ದಾಳೆ? ಕಿರಿಯಳು ಉಸಿರು ಬಿಗಿಹಿಡಿದಳು.

"ಛೆ, ಇದು ಬೇಡ. ಇಷ್ಟು ಮೆತ್ತಗಾದ್ರೆ ತಲೆ ಮೇಲೆ ಕೂರ್ತಾಳೆ." ಗಂಟಲು ಸರಿಮಾಡಿಕೊಂಡ ಸದ್ದು. "ಏನಮ್ಮಾ, ದೊಡ್ಡವಳು ಅಂತ ಒಂದು ಮರ್ಯಾದೆ ಬೇಡ್ವಾ ನಿಂಗೆ?... ಊಹೂಂ. ಹೀಗಂದ್ರೆ ಅತ್ತುಬಿಡ್ತಾಳೆ ಪಾಪ."

ಕಿರಿಯಳಿಗೆ ಆಗ ಹೊಳೆಯಿತು. ಪಾತ್ರೆ ಉಜ್ಜುತ್ತಾ ತಾನು ದಿನಾ ಮಾಡುತ್ತಿದ್ದ ರಾಜಿ ಮಾತಿನ ತಾಲೀಮನ್ನೇ ಅಕ್ಕನೂ ಮಾಡುತ್ತಿದ್ದಾಳೆ! ಕಣ್ಣು ತುಂಬಿ ಬಂತು. ಅದರ ಹಿಂದೆಯೇ ನಗುವೂ ಬಂತು, ಬಾಯಿಗೆ ಕೈ ಅಡ್ಡ ಹಿಡಿದರೂ ನಿಲ್ಲಲಿಲ್ಲ.

"ಅಕ್ಕಾ," ಎಂದಳು ಪೈಪಿಗೆ ಬಾಯಿಟ್ಟು, "ಮೊದಲನೇದೇ ಚೆನ್ನಾಗಿತ್ತು."

ಆಚೆ ಪಾತ್ರೆಯೊಂದು ಢಣ್ ಎಂದು ಬಿತ್ತು.

"ಯಾ... ಯಾರದು?"

"ನಾನೇ ಅಕ್ಕಾ. ಸಿಂಕಿನ ಕೆಳಗಿದ್ದೀನಿ."

ಅಕ್ಕ ಉಸ್ಸಪ್ಪಾ ಎಂದು ನೆಲಕ್ಕೆ ಕೂತ ಸದ್ದು. ದನಿ ಹತ್ತಿರವಾಯಿತು. "ಎಷ್ಟು ಕೇಳಿಸ್ಕೊಂಡೆ?"

"ತಲೆ ಮೇಲೆ ಕೂರೋದು, ಅಳೋದು, ಎಲ್ಲಾ."

"ಥೂ, ನನ್ನ ಮಾನ ಹೋಯ್ತಲ್ಲೇ!"

"ತಪ್ಪು ನಂದೇ ಅಕ್ಕಾ. ಹಾಗನ್ನಬಾರದಿತ್ತು."

"ನಾನೇನು ಕಮ್ಮಿ ಅಂದ್ನಾ? ಬಿಡು ಅತ್ಲಾಗೆ. ಅದಿರ್ಲಿ, ಎದುರು ಮನೆಯವರ ವಿಷಯ ಗೊತ್ತಾಯ್ತಾ?"

ಇಷ್ಟು ದಿನ ಕೂಡಿಟ್ಟ ಮಾತೆಲ್ಲ ಪೈಪಿನಲ್ಲಿ ಹರಿಯತೊಡಗಿತು. ಪ್ಲಂಬರ್ ವಾಪಸು ಬಂದಾಗ ಈ ಮನೆಯಲ್ಲಿ ಅವನಿಗೆ ಕಂಡದ್ದು ಎರಡು ಕಾಲು. ಆ ಮನೆಗೆ ಹೋದರೆ ಅಲ್ಲೂ ಎರಡು ಕಾಲು.

"ಈ ಬೆಂಡು ನಾಳೆ ಹಾಕಿದ್ರೆ ಆಗಲ್ವಾ ಅಣ್ಣಾ?" ಎಂದು ಕಿರಿಯಳು ಅಂಗಲಾಚಿದಳು.

"ಹಾಗೇ ಬಿಟ್ರೆ ಮನೆಯೆಲ್ಲಾ ಗಬ್ಬು ನಾತ, ಜಿರಲೆ ಬೇರೆ! ಬೆಂಡಲ್ಲಿ ಸ್ವಲ್ಪ ನೀರು ನಿಂತಿರ್ಬೇಕಮ್ಮಾ. ಆಗ ನಾತಾನೂ ಬರಲ್ಲ, ಸದ್ದೂ ಬರಲ್ಲ."

ಅವನು ಮೆಷಿನ್ನಿಗೆ ಹೊರಗಡೆಯಿಂದ ಬೇರೆ ಪೈಪು ಕೊಟ್ಟ. ಎರಡೂ ಕಡೆ ಬೆಂಡು ಕೂರಿಸಿ ನಲ್ಲಿ ತಿರುಗಿಸಿದ. ನೀರು ಗಳಗಳನೆ ಇಳಿದುಹೋಯಿತು. ನೊರೆಯ ಸುಳಿವಿಲ್ಲ.

ಕಿರಿಯಳು ಸಿಂಕಿನೊಳಗೆ ಬಗ್ಗಿ "ಅಕ್ಕಾ?" ಎಂದಳು. ಉತ್ತರವಿಲ್ಲ. ಇನ್ನೂ ಜೋರಾಗಿ ಕರೆದಳು. ಆಗಲೂ ಇಲ್ಲ. ಅವಳ ಮುಖ ಸಪ್ಪಗಾಯಿತು.

ಅಷ್ಟರಲ್ಲಿ ಗೋಡೆಯಾಚೆಯಿಂದ ಟಕ್ ಟಕ್ ಎಂದಿತು. ಸೌಟಿನ ಸದ್ದು!

ಅವಳು ಕೈಗೆ ಸಿಕ್ಕ ಸೌಟು ಎತ್ತಿಕೊಂಡು ಗೋಡೆಗೆ ಬಾರಿಸಿದಳು. ಬಾರಿಸಿದ ರಭಸಕ್ಕೆ ಒಂದು ಹಿಡಿ ಗಾರೆ ಕಳಚಿ ಸಿಂಕಿಗೆ ಬಿತ್ತು.

"ಅಯ್ಯೋ, ನಿಧಾನಮ್ಮಾ! ಗೋಡೆ ಉದುರ್ತಿದೆ!" ಎಂದು ಪ್ಲಂಬರ್ ಕೂಗಿಕೊಂಡ.

"ಉದುರ್ಲಿ ಬಿಡಿ," ಎಂದು ಅವಳು ಇನ್ನೊಂದು ಏಟು ಕೊಟ್ಟಳು.